ಓಟ್‌ರಾಯ್ಡ್ ಹೆಸರಿನ ಆರು ಹೆಗಲು

"ಬೂಟಿನ ಹಿಮ್ಮಡಿ ಗೋಡೆಗೆ ತಾಗಿಸಿ ನಿಂತ್ಕೊಳ್ಳಿ. ನಿಮ್ಮ ಹೆಗಲೆತ್ತರ ನೋಡ್ಬೇಕು ನಾನು," ಎನ್ನುತ್ತ ಶವಸಂಸ್ಕಾರದ ಏರ್ಪಾಡು ಮಾಡುವ ಸಗ್ಡೆನ್ ಐದು ಜನ ಗಂಡಸರನ್ನು ಮನೆಯ ಹೊರಗೋಡೆಗೆ ಸಾಲಾಗಿ ನಿಲ್ಲಿಸಿದ. ಶವಪೆಟ್ಟಿಗೆ ಹೊರುವವರನ್ನು ಎತ್ತರ ನೋಡಿ ಜೋಡಿ ಮಾಡಬೇಕು. ಇಲ್ಲದಿದ್ದರೆ ಭಾರವೆಲ್ಲ ಉದ್ದದವನ ಮೇಲೆ ಬೀಳುತ್ತದೆ, ಕುಳ್ಳನಾದವನು ಸುಮ್ಮನೆ ಜೊತೆಗೆ ನಡೆದು ಪುಣ್ಯ ಕಟ್ಟಿಕೊಳ್ಳುತ್ತಾನೆ.

ಐವರ ಹೆಸರೂ ಓಟ್‌ರಾಯ್ಡ್. ಬ್ರಿಸ್ಟಲ್‌ನ ಹಲ್ಲಿನ ಡಾಕ್ಟರು, ಲ್ಯಾಂಕಶೈರಿನ ಅಣ್ಣ ತಮ್ಮ, ಲೆಸ್ಟರಿನ ಶಾಲಾ ಮೇಷ್ಟ್ರು, ಎದೆಯ ಆಪರೇಷನ್ ಆದ ಒಬ್ಬ ಹಳೇ ಪೋಸ್ಟ್‌ಮ್ಯಾನ್. ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಡ್ಲಿ ಓಟ್‌ರಾಯ್ಡ್‌ನನ್ನು ಅವರು ವರ್ಷಕ್ಕೊಮ್ಮೆ ಆ ಹೆಸರಿನವರ ಸಂಘದ ಸಭೆಯಲ್ಲಿ ನೋಡಿದ್ದುಂಟು. ಉಳಿದಂತೆ ಅವನು ಅವರಿಗೆ ಹುಟ್ಟುಹಬ್ಬದ ದಿನ ತಪ್ಪದೆ ಬರುತ್ತಿದ್ದ ಒಂದು ಫೋನು.

"ಐದೇ ಆಯ್ತಲ್ಲ. ಆರನೆಯವರೆಲ್ಲಿ?" ಎಂದು ಸಗ್ಡೆನ್ ಕೇಳಿದ.

"ರೈಲು ರದ್ದಾಗಿದೆಯಂತೆ. ಲೀಡ್ಸ್ ಸ್ಟೇಷನ್ನಲ್ಲೇ ಕೂತಿದ್ದಾರೆ," ಎಂದಳು ಸಂಘದ ಕಾರ್ಯದರ್ಶಿ ಬೆರಿಲ್. ಅವಳೂ ಓಟ್‌ರಾಯ್ಡ್‌ಳೇ, ಮದುವೆಯಾಗದೆ ಉಳಿದದ್ದರಿಂದ ಹೆಸರೂ ಉಳಿದಿತ್ತು.

ಸಗ್ಡೆನ್ ಬಾಗಿಲ ಬಳಿ ನಿಂತಿದ್ದ ನೆವಿಲ್‌ನ ಕಡೆ ತಿರುಗಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ಬಾರೋ ನೆವ್. ಆ ಡಾಕ್ಟ್ರ ಎತ್ತರಕ್ಕೆ ನೀನೇ ಸರಿ. ಎದುರಿಗೆ ಇಷ್ಟುದ್ದ ಆಳನ್ನಿಟ್ಕೊಂಡು ನಾನು ಯಾರನ್ನೋ ಹುಡುಕ್ತಿದ್ದೀನಿ."

ನೆವಿಲ್‌ಗೆ ಅರವತ್ತಮೂರು. ಬಸ್ ಡಿಪೋದಲ್ಲಿ ಎಂಜಿನ್ ಇಳಿಸಿ ಏರಿಸಿ ಗಟ್ಟಿಯಾದ ಹೆಗಲು. ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಂದು ಹೆಜ್ಜೆ ಮುಂದೆ ಬಂದ.

ಬೆರಿಲ್ ಕೆಮ್ಮಿದಳು. "ಮಿಸ್ಟರ್ ಸಗ್ಡೆನ್, ಹೆಡ್ಲಿಯವರು ಬರೆದಿಟ್ಟ ಕಾಗದದ ಎರಡನೇ ಪುಟ ಓದಿದ್ರಾ?"

ಸಗ್ಡೆನ್ ಒಳಜೇಬಿನಿಂದ ಕಾಗದ ತೆಗೆದು ಪುಟ ತಿರುವಿ, ಓದಿ, ಮಡಿಸತೊಡಗಿದ.

"ಜೋರಾಗಿ ಓದಪ್ಪ," ಎಂದಳು ನೆವಿಲ್‌ನ ಹೆಂಡತಿ ಲೊರೇನ್. "ಸತ್ತೋರ ಮಾತು. ಎಲ್ರೂ ಕೇಳ್ಲಿ."

ಸಗ್ಡೆನ್ ನೆಲ ನೋಡುತ್ತ ಓದಿದ: "ನನ್ನನ್ನು ಓಟ್‌ರಾಯ್ಡ್ ಹೆಸರಿನ ಆರು ಜನ ಹೊರಬೇಕು. ಕಡಿಮೆ ಬಿದ್ದರೆ ಶವಸಂಸ್ಕಾರದವರ ಆಳು ಹೆಗಲು ಕೊಡಲಿ. ನೆವಿಲ್ ಬಿನ್ಸ್ ಪೆಟ್ಟಿಗೆಯ ಹಿಂದೆ ನಡೆಯಬಹುದು."

ಹಲ್ಲಿನ ಡಾಕ್ಟರ್ ತನ್ನ ಕೈಗವಸು ನೋಡಿಕೊಂಡ.

"ನಡೆಯಬಹುದಂತೆ," ಎಂದಳು ಲೊರೇನ್. "ಎಷ್ಟು ದೊಡ್ಡ ಮನಸ್ಸು ನೋಡಿ. ಬಿನ್ಸ್ ಅಂತ ಬೇರೆ ಬರ್ದಿದ್ದಾರೆ, ಈ ಬೀದಿ ತುಂಬ ನೆವಿಲ್‌ಗಳೇ ಇರೋ ಹಾಗೆ. ಮೂರು ವರ್ಷ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ ಹೊತ್ತಿದ್ದು ಯಾವ ಓಟ್‌ರಾಯ್ಡು ಅಂತ ಕೇಳಿ ಇವರನ್ನ."

"ಬಿಡು ಲೊರೇನ್," ಎಂದ ನೆವಿಲ್. ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. "ಸಗ್ಡೆನ್, ಹೊತ್ತಾಯ್ತು. ನಿಮ್ಮೋರನ್ನ ಕರಿ."

ಹೆಣದ ಗಾಡಿ ಓಡಿಸುವ ಡ್ಯಾರನ್ ಟೋಪಿ ತೆಗೆದು ಸೀಟಿನ ಮೇಲಿಟ್ಟು ಬಂದ. ಹೆಡ್ಲಿಯನ್ನು ಅವನು ಬದುಕಿದ್ದಾಗ ಒಮ್ಮೆಯೂ ನೋಡಿರಲಿಲ್ಲ. ಎತ್ತರ ಸರಿಯಾಗಿ ಹೊಂದಿತು.

*

ಎಡ್ನಾ ಬಿನ್ಸ್ ಹೆಡ್ಲಿಯನ್ನು ಮದುವೆಯಾದಾಗ ಅವಳ ಮಗ ನೆವಿಲ್‌ಗೆ ಮೂರು ವರ್ಷ. ಮಗುವಿನ ತಂದೆ ಯಾರೆಂದು ಎಡ್ನಾ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಗಿರಣಿಯ ಹೆಂಗಸರು ಆಡುವ ಭಾಷೆಯಲ್ಲೇ ಉತ್ತರ ಕೊಟ್ಟಳು. ಹೆಡ್ಲಿ ಕೆಟ್ಟವನಾಗಿರಲಿಲ್ಲ. ಹುಡುಗನಿಗೆ ಹೊಡೆಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಚಳಿಗಾಲ ಬರುವ ಮುಂಚೆ ಬೂಟು ತಂದುಕೊಡುತ್ತಿದ್ದ. ಕರೆಯುತ್ತಿದ್ದುದು ಮಾತ್ರ "ಹುಡುಗ" ಎಂದು. ಹುಡುಗ ಅವನನ್ನು ಕರೆದದ್ದು ಹೆಡ್ಲಿ ಎಂದು. ಅವರಿಗೆ ಬೇರೆ ಮಕ್ಕಳಾಗಲಿಲ್ಲ.

ಮೂವತ್ತೇಳನೆಯ ವಯಸ್ಸಿನಲ್ಲಿ ಹೆಡ್ಲಿಗೆ ಹೆಸರಿನ ಹುಚ್ಚು ಹಿಡಿಯಿತು. ಕಣಿವೆಯ ಮೇಲಿನ ಗುಡ್ಡದಲ್ಲಿ, ಕುರಿಗಳು ಮೈ ಉಜ್ಜುವ ನಾಲ್ಕು ಮುರುಕು ಗೋಡೆಗಳಿವೆ. ಏಳುನೂರು ವರ್ಷದ ಹಿಂದೆ ಯಾವನೋ ಅಲ್ಲಿ ಕಾಡು ಕಡಿದು ಓಟ್ಸ್ ಬಿತ್ತಿದ. ಗೋಧಿ ಬೆಳೆಯದ ನೆಲಕ್ಕೆ ಅದೇ ಗತಿ. ಆ ಬಯಲಿಗೆ ಓಟ್‌ರಾಯ್ಡ್, ಅಂದರೆ ಕಾಡು ಕಡಿದ ಓಟ್ಸ್ ಬಯಲು, ಎಂದು ಹೆಸರಾಯಿತು, ಅಲ್ಲಿದ್ದವನಿಗೂ ಅದೇ ಹೆಸರು ಅಂಟಿತು. ಅಂಥ ಬಡ ಬಯಲಿನಿಂದ ಹೊರಟವರು ಎಲ್ಲೆಲ್ಲಿ ಹೋಗಿ ಬಿದ್ದಿದ್ದಾರೆ ಎಂದು ಹುಡುಕುವುದೇ ಹೆಡ್ಲಿಯ ಬದುಕಾಯಿತು. ಲೈಬ್ರರಿಗೆ ಹೋಗಿ ದೇಶದ ಎಲ್ಲ ಜಿಲ್ಲೆಗಳ ಟೆಲಿಫೋನ್ ಪುಸ್ತಕ ತಿರುವಿದ. ಇನ್ನೂರ ಹದಿನಾಲ್ಕು ಜನ ಸಿಕ್ಕರು. ಗೋಡೆಯ ನಕ್ಷೆಯಲ್ಲಿ ತಲೆಗೊಂದು ಗುಂಡುಸೂಜಿ ಚುಚ್ಚಿದ. ಅರ್ಧ ಸೂಜಿಗಳು ಈ ಗುಡ್ಡದ ಸುತ್ತ ಹನ್ನೊಂದು ಮೈಲಿಯೊಳಗೇ ಇದ್ದವು. ಒಬ್ಬೊಬ್ಬರಿಗೂ ಒಂದು ಸಂಖ್ಯೆ, ದಪ್ಪ ರಟ್ಟಿನ ಪುಸ್ತಕದಲ್ಲಿ ಒಂದು ಪುಟ: ಹುಟ್ಟು, ಮದುವೆ, ಮಕ್ಕಳು, ಸಾವು. ತಿರುಗಾಡಿ ಬಂದ ಸೇಲ್ಸ್‌ಮನ್ ಒಬ್ಬ ಓಟ್‌ರಾಯ್ಡ್ ಎಂದು ಗೊತ್ತಾದರೆ ಹೆಡ್ಲಿ ಅವನಿಗೆ ತನ್ನ ಪಾಲಿನ ಮಾಂಸದ ಪೈ ಬಡಿಸುತ್ತಿದ್ದ. ಎಡ್ನಾಳ ಹುಟ್ಟುಹಬ್ಬ ಯಾವತ್ತೆಂದು ಮಾತ್ರ ನೆವಿಲ್ ನೆನಪಿಸಬೇಕಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ.

ಹೆಡ್ಲಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ತನಗೆ ಹದಿನೆಂಟು ತುಂಬಿದಾಗಿನಿಂದ ಭಾನುವಾರಗಳಲ್ಲಿ ಅವನನ್ನು ಊರೂರಿನ ಚರ್ಚಿನ ಸಮಾಧಿಗಳಿಗೆ ಕರೆದುಕೊಂಡು ಹೋಗುತ್ತಿದ್ದವನು ನೆವಿಲ್. ಸವೆದ ಕಲ್ಲಿನ ಅಕ್ಷರ ಎದುರಿನಿಂದ ಕಾಣುವುದಿಲ್ಲ. ಪಕ್ಕದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಹಾಯಿಸಿದರೆ ನೆರಳು ಬಿದ್ದು ಹೆಸರು ಎದ್ದು ಬರುತ್ತದೆ. ಮೊಣಕಾಲೂರಿ ಕನ್ನಡಿ ಹಿಡಿಯುವುದು ನೆವಿಲ್‌ನ ಕೆಲಸ, ಓದಿ ಬರೆದುಕೊಳ್ಳುವುದು ಹೆಡ್ಲಿಯ ಕೆಲಸ.

ಲೊರೇನ್ ಜೊತೆ ಮದುವೆ ನಿಶ್ಚಯವಾದ ವರ್ಷ, ಹಾಗೆ ಕನ್ನಡಿ ಹಿಡಿದುಕೊಂಡೇ ನೆವಿಲ್ ಕೇಳಿದ.

"ಹೆಡ್ಲಿ, ಮದುವೆಗೆ ಮುಂಚೆ ನಾನು ಹೆಸರು ಬದಲಾಯಿಸ್ಕೋಬೇಕು ಅಂತಿದ್ದೀನಿ."

"ಏನಂತ?"

"ಓಟ್‌ರಾಯ್ಡ್ ಅಂತ. ನೀವು ಹೂಂ ಅಂದ್ರೆ."

"ಕನ್ನಡಿ ಸ್ವಲ್ಪ ಎಡಕ್ಕೆ ಹಿಡಿ," ಎಂದ ಹೆಡ್ಲಿ. ಆ ಸಾಲು ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ. "ಕಾನೂನು ಬೇಡ ಅನ್ನಲ್ಲ. ವಕೀಲರ ಹತ್ರ ಹೋದ್ರೆ ಯಾವ ಹೆಸರು ಬೇಕಾದ್ರೂ ಇಟ್ಕೋಬಹುದು. ಆದ್ರೆ ನನ್ನ ಪುಸ್ತಕದಲ್ಲಿ ನೀನು ಬರಲ್ಲ ಹುಡುಗ. ಇದರಲ್ಲಿರೋದು ಆ ಗುಡ್ಡದಿಂದ ಇಳಿದು ಬಂದ ರಕ್ತ. ನೀನು ಎಲ್ಲಿಂದ ಬಂದೆ ಅನ್ನೋದು ನಿಮ್ಮಮ್ಮಂಗೇ ಗೊತ್ತು."

ಗಂಟೆ ಎಷ್ಟಾಯಿತು ಎಂದು ಹೇಳುವ ದನಿಯಲ್ಲಿ ಹೇಳಿದ. ನೆವಿಲ್‌ಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಯಾರದೋ ತಟ್ಟೆಗೆ ಕೈ ಹಾಕಿ ಸಿಕ್ಕಿಬಿದ್ದವನ ನಾಚಿಕೆ. ವಕೀಲರ ಹತ್ತಿರ ಹೋಗಲಿಲ್ಲ. ಮುಂದಿನ ಭಾನುವಾರ ಮತ್ತೆ ಕಾರು ತೆಗೆದ.

"ಯಾಕೆ ಹೋಗ್ತೀಯ?" ಎಂದು ಲೊರೇನ್ ಎಷ್ಟೋ ಸಲ ಕೇಳಿದಳು. "ಅವರಿಗೆ ಡ್ರೈವಿಂಗ್ ಬರಲ್ವಲ್ಲ," ಎನ್ನುತ್ತಿದ್ದ. ನಿಜ ಅದಲ್ಲ. ಇಷ್ಟು ವರ್ಷ ಜೊತೆಗಿದ್ದರೆ ಒಂದಲ್ಲ ಒಂದು ದಿನ ಮುದುಕ ತಾನಾಗಿಯೇ ಪೆನ್ನು ತೆಗೆದು, ತನ್ನ ಪುಟದಲ್ಲಿ ಮಕ್ಕಳು ಎಂದಿರುವ ಕಡೆ ನೆವಿಲ್ ಎಂದು ಬರೆಯುತ್ತಾನೆ ಎಂಬ ಆಸೆ ಅವನಿಗೆ. ಒಂದು ಪದ. ಹೊರಗೆ ಯಾರಿಗೂ ಗೊತ್ತಾಗದಿದ್ದರೂ ಪರವಾಗಿಲ್ಲ. ಅರವತ್ತಮೂರು ವರ್ಷದ ಗಂಡಸಿಗೆ ಇಂಥ ಆಸೆ ಇರಬಾರದು ಎಂದು ಅವನಿಗೂ ಗೊತ್ತಿತ್ತು.

*

ಮೆರವಣಿಗೆ ಬೀದಿಯ ತುದಿಯ ಮೆಥಡಿಸ್ಟ್ ಪಂಥದ ಚಾಪೆಲ್‌ವರೆಗೆ. ಮಾರ್ಚ್ ತಿಂಗಳು, ಇಬ್ಬನಿ ಹೆಪ್ಪುಗಟ್ಟಿ ಕಲ್ಲುಹಾಸು ಜಾರುತ್ತಿತ್ತು. ಆರು ಜನ ಪೆಟ್ಟಿಗೆ ಹೊತ್ತು ನಡೆದರು, ಹಿಂದೆ ನೆವಿಲ್ ಮತ್ತು ಲೊರೇನ್, ಅವರ ಹಿಂದೆ ಬೀದಿಯವರು.

"ಓಟ್‌ರಾಯ್ಡ್‌ಗಳು ಬಂದ್ರಲ್ಲ, ಒಳ್ಳೇದಾಯ್ತು," ಎಂದು ಹಿಂದಿನಿಂದ ಒಬ್ಬಾಕೆ ಹೇಳಿದಳು.

"ಬಂದಿದ್ದಾರೆ, ಬಂದಿದ್ದಾರೆ," ಎಂದಳು ಲೊರೇನ್ ತಿರುಗದೆ. "ಸತ್ತ ಮೇಲೆ ಬರೋಕೆ ಎಲ್ರಿಗೂ ಪುರುಸೊತ್ತಿರುತ್ತೆ."

ಚಾಪೆಲ್‌ನ ಮೆಟ್ಟಿಲಲ್ಲಿ ಎದೆಯ ಆಪರೇಷನ್ ಆದ ಪೋಸ್ಟ್‌ಮ್ಯಾನ್ ಜಾರಿದ. ಪೆಟ್ಟಿಗೆಯ ಹಿಂದಿನ ಮೂಲೆ ಕುಸಿಯಿತು. ಯಾರಿಗೂ ಹೊಳೆಯುವ ಮೊದಲೇ ನೆವಿಲ್‌ನ ಅಂಗೈ ಅದರ ಅಡಿ ಹೋಗಿತ್ತು. ಮೂರು ಉಸಿರಿನಷ್ಟು ಹೊತ್ತು ಇಡೀ ಮೂಲೆ ಅವನ ಕೈಮೇಲೆ ನಿಂತಿತು. ಮುದುಕ ಎಷ್ಟು ಹಗುರಾಗಿದ್ದ ಎಂದು ಅವನಿಗೆ ಗೊತ್ತಿತ್ತು. ಮರದ ತೂಕವೇ ಹೆಚ್ಚು. ಪೋಸ್ಟ್‌ಮ್ಯಾನ್ ಸಾವರಿಸಿಕೊಂಡ ಕೂಡಲೇ ನೆವಿಲ್ ಕೈ ತೆಗೆದು ಹಿಂದೆ ಸರಿದ.

ಒಳಗೆ ಪಾದ್ರಿ ಹೆಂಗಸು ಚೀಟಿ ನೋಡಿಕೊಂಡು ಮಾತಾಡಿದಳು. ಊರಿಗೆ ಹೊಸಬಳು, ಪಾಪ. ಹೆಡ್ಲಿ ನಲವತ್ತು ವರ್ಷ ಬಣ್ಣದ ಗಿರಣಿಯಲ್ಲಿ ಕೆಲಸ ಮಾಡಿದ್ದು, ಈ ಚಾಪೆಲ್‌ನ ಅಡಿಗಲ್ಲಿನ ಮೇಲೆ ಅವನ ಅಜ್ಜ ಏಬೆಲ್ ಓಟ್‌ರಾಯ್ಡ್‌ನ ಹೆಸರು ಕೆತ್ತಿರುವುದು, ಎಲ್ಲ ಹೇಳಿದಳು. "ಹೆಡ್ಲಿಯವರಿಗೆ ಸ್ವಂತ ಮಕ್ಕಳಿರಲಿಲ್ಲ," ಎಂದಳು ಕೊನೆಗೆ, ನಗುಮುಖದಿಂದ. "ಆದರೆ ಸಂಘದಲ್ಲಿ ಅವರಿಗೆ ನೂರ ಮೂವತ್ತೊಂದು ಬಂಧುಗಳಿದ್ದರು."

ಮುಂದಿನ ಸಾಲಿನಲ್ಲಿ ಐವರು ಓಟ್‌ರಾಯ್ಡರು ತಲೆತಗ್ಗಿಸಿದರು. ಎರಡನೆಯ ಸಾಲಿನಲ್ಲಿ ಲೊರೇನ್ ಎದ್ದು ನಿಲ್ಲಲು ಹೊರಟಳು. ನೆವಿಲ್ ಅವಳ ತೋಳು ಹಿಡಿದು ಕೂರಿಸಿದ.

ಮೊದಲೇ ತೀರಿಕೊಂಡಿದ್ದ ಎಡ್ನಾಳ ಸಮಾಧಿಯನ್ನೇ ತೆಗೆದು ಅವಳ ಮೇಲೆ ಹೆಡ್ಲಿಯನ್ನು ಇಳಿಸಿದರು. ಮೊದಲ ಹಿಡಿ ಮಣ್ಣು ಯಾರು ಹಾಕಬೇಕೆಂದು ಕಾಗದದಲ್ಲಿ ಬರೆದಿರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಸಗ್ಡೆನ್ ತಾನೇ ಹಾಕಿದ.

*

ಆರು ವರ್ಷದ ಹಿಂದೆ ಒಂದು ಅಕ್ಟೋಬರ್ ಬೆಳಿಗ್ಗೆ ಹೆಡ್ಲಿಗೆ ಒಂದು ಕಾಗದ ಬಂದಿತ್ತು. ನೆವಿಲ್ ಅವನಿಗೆ ಗಂಜಿ ಕಾಯಿಸುತ್ತಿದ್ದ. ಹೆಡ್ಲಿ ಕಾಗದವನ್ನು ಎರಡು ಸಲ ಓದಿದ, ಒಲೆಗೆ ಹಾಕಿದ, ಉರಿದು ಮುಗಿಯುವವರೆಗೂ ಸರಳಿನಿಂದ ಕೆದಕಿದ.

"ಏನಂತೆ ಹೆಡ್ಲಿ?"

"ಸಂಘದ ತುಂಬ ಮೂರ್ಖರು ಸೇರ್ಕೊಂಡಿದ್ದಾರೆ. ಇನ್ನು ನಾನು ಸಭೆಗೆ ಹೋಗಲ್ಲ."

"ಪುಸ್ತಕ?"

"ಬೀರುವಿನಲ್ಲಿಡು."

ಅಲ್ಲಿಂದಾಚೆ ಅವನು ಪುಸ್ತಕ ತೆರೆಯಲಿಲ್ಲ. ನಕ್ಷೆ ಗೋಡೆಯ ಮೇಲೆ ಹಾಗೇ ಇತ್ತು. ಹುಟ್ಟುಹಬ್ಬದ ಫೋನುಗಳನ್ನು ಮಾತ್ರ ಬಿಡಲಿಲ್ಲ. ಕಾಲು ಸೋತ ಮೇಲೆ ನೆವಿಲ್ ಅವನನ್ನು ಎತ್ತಿಕೊಂಡು ಹೋಗಿ ಟಬ್ಬಿನಲ್ಲಿ ಕೂರಿಸಿ ಬೆನ್ನು ಉಜ್ಜುತ್ತಿದ್ದ. ಒಂದು ದಿನ ಬಿಸಿನೀರಿನಲ್ಲಿ ಕೂತು ಹೆಡ್ಲಿ ಅವನ ಮಣಿಕಟ್ಟು ಹಿಡಿದು ಬಹಳ ಹೊತ್ತು ಮುಖ ನೋಡಿದ. ಈಗ ಹೇಳುತ್ತಾನೆ ಎಂದುಕೊಂಡ ನೆವಿಲ್.

"ಸೋಪು ಕಣ್ಣಿಗೆ ಹೋಯ್ತು," ಎಂದ ಹೆಡ್ಲಿ.

*

ಚಾಪೆಲ್‌ನ ಪಕ್ಕದ ಕೋಣೆಯಲ್ಲಿ ಚಹ. ಉದ್ದ ಮೇಜುಗಳಿಗೆ ಬಿಳಿ ಕಾಗದ ಹಾಸಿ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಪೈ, ಶುಂಠಿ ಕೇಕು ಇಟ್ಟಿದ್ದರು. ಹೊತ್ತವರೆಲ್ಲ ಹೆಗಲು ತಿಕ್ಕಿಕೊಳ್ಳುತ್ತ ತಟ್ಟೆ ತುಂಬಿಸಿಕೊಂಡರು. ಪುಸ್ತಕ ಸಂಘಕ್ಕೆ ಸೇರಬೇಕೆಂದು ಕಾಗದದಲ್ಲಿತ್ತು. ನೆವಿಲ್ ಅದನ್ನು ಮನೆಯಿಂದ ತಂದು ಬೆರಿಲ್‌ಳ ಮುಂದಿಟ್ಟ.

"ಪಾದ್ರಿಗೆ ಆ ಚೀಟಿ ಕೊಟ್ಟಿದ್ದು ನಾನೇ," ಎಂದಳು ಬೆರಿಲ್. "ಮಕ್ಕಳಿಲ್ಲ ಅಂತ ಹೆಡ್ಲಿಯವರೇ ಆ ಕಾಗದದಲ್ಲಿ ಬರೆದಿದ್ರು. ನಾನು ಹಾಗೇ ಇಳಿಸಿಬಿಟ್ಟೆ. ನೀವು ಕೂತಿದ್ದು ನೋಡಿದ ಮೇಲೆ ನನಗೆ ಮುಖ ಎತ್ತೋಕಾಗ್ಲಿಲ್ಲ. ಅದರಲ್ಲೂ ಅವರ ಪರೀಕ್ಷೆ ಆದ ಮೇಲೂ ಹಾಗೆ ಬರೀಬಾರದಿತ್ತು."

"ಯಾವ ಪರೀಕ್ಷೆ?"

ಬೆರಿಲ್ ಕಪ್ಪು ಕೆಳಗಿಟ್ಟಳು. "ನಿಮಗೆ ಹೇಳ್ಲಿಲ್ವಾ? ಆರು ವರ್ಷದ ಹಿಂದೆ."

"ನನಗೇನೂ ಗೊತ್ತಿಲ್ಲ."

ಅವಳು ನಿಧಾನವಾಗಿ ಹೇಳಿದಳು. ಎಲ್ಲ ಓಟ್‌ರಾಯ್ಡರೂ ಒಂದೇ ಗುಡ್ಡದವರು ಎಂದು ತೋರಿಸಲೇಬೇಕೆಂದು ಹಠ ಹಿಡಿದವನು ಹೆಡ್ಲಿಯೇ. ಮೂವತ್ತು ಗಂಡಸರ ಕೆನ್ನೆಯೊಳಗಿಂದ ಹತ್ತಿಯಲ್ಲಿ ಎಂಜಲು ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಇಪ್ಪತ್ತೊಂಬತ್ತು ಜನರದು ಒಂದಕ್ಕೊಂದು ಕೂಡಿ ಬಂತು. ಕೂಡದೆ ಉಳಿದದ್ದು ಹೆಡ್ಲಿಯದು.

"ಹೇಗೆ ಅಂತ ನಾನೇ ಹುಡುಕಿದೆ," ಎಂದಳು. "ಹಳೇ ಜನಗಣತಿಯಲ್ಲಿ ಅವರು ಓಟ್‌ರಾಯ್ಡ್ ಅಂತಿರೋ ಸಾಲು ಮಾತ್ರ ನಕಲು ಮಾಡ್ತಿದ್ರು. ಅದೇ ಮನೇಲಿ ಬೇರೆ ಹೆಸರಿನ ಮಗು ಇದ್ರೆ ಬಿಟ್ಬಿಡ್ತಿದ್ರು. ನಾನು ಇಡೀ ಮನೆ ಓದಿದೆ. ಅವರಜ್ಜ ಏಬೆಲ್, ಎರಡು ವರ್ಷದ ಮಗು, ಬೇರೆ ಹೆಸರು, ಹೆಂಡತಿಯ ಮಗ ಅಂತ ಬರೆದಿದೆ. ಹತ್ತು ವರ್ಷ ಬಿಟ್ಟು ಅದೇ ಮನೆ, ಅದೇ ಹುಡುಗ. ಏಬೆಲ್ ಓಟ್‌ರಾಯ್ಡ್, ಮಗ. ಬಾಗಿಲಿಗೆ ಬಂದು ಬರ್ಕೊಂಡು ಹೋಗೋನು ಕೇಳಿದ್ದಾನೆ, ಮನೆಯ ಯಜಮಾನ ಹೇಳಿದ್ದಾನೆ. ಅಷ್ಟೇ."

"ಅಷ್ಟೇನಾ?" ಎಂದ ನೆವಿಲ್.

"ಅಷ್ಟೇ. ಆ ಯಜಮಾನ ಒಬ್ಬ ಕಲ್ಲು ಒಡೆಯೋನು, ಸಹಿ ಹಾಕೋಕೂ ಬರ್ತಿರಲಿಲ್ಲ. ಹೆಸರು ಹೆಸರೇ ಹೆಡ್ಲಿ, ನೀವು ನಮ್ಮೋರೇ, ಅಂತ ನಾವೆಲ್ಲ ಬರೆದ್ವಿ. ಅವರಿಗೆ ತಡ್ಕೊಳ್ಳೋಕಾಗ್ಲಿಲ್ಲ."

ಲೊರೇನ್ ಚಹದ ಕೆಟಲ್ ಹಿಡಿದು ಬಂದು ಗಂಡನ ಹಿಂದೆ ನಿಂತಿದ್ದಳು. "ಹಾಗಾದ್ರೆ ಆ ಮುದುಕನೂ ನಮ್ಮ ನೆವ್ ಥರಾನೇ," ಎಂದಳು. "ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಹೆಸರನ್ನ ಹೊದ್ಕೊಂಡು ಕೂತಿದ್ದ."

ನೆವಿಲ್ ಬೇರೆಯದನ್ನು ಕೇಳಿದ. "ಆ ಕಾಗದ, ನಾನು ಹೊರಬಾರದು ಅಂತ ಬರೆದದ್ದು. ತಾರೀಖು ಏನಿದೆ?"

ಬೆರಿಲ್‌ಗೆ ಹೇಳಲು ಮನಸ್ಸಿರಲಿಲ್ಲ. "ಹೋದ ನವೆಂಬರ್ ಹನ್ನೊಂದು."

ನಾಲ್ಕು ತಿಂಗಳಾಗಿತ್ತು. ನೆವಿಲ್ ಲೆಕ್ಕ ಹಾಕಲಿಲ್ಲ, ಹಾಕುವ ಅಗತ್ಯವಿರಲಿಲ್ಲ. ಗೊತ್ತಿಲ್ಲದೆ ದೂರವಿಟ್ಟಿದ್ದರೆ ಅದೊಂದು ಮಾತು. ಆರು ವರ್ಷ ಗೊತ್ತಿದ್ದೂ, ಬೆನ್ನು ಉಜ್ಜಿಸಿಕೊಂಡೂ, ಪೆನ್ನು ತೆಗೆದು ಬಿನ್ಸ್ ಎಂದು ಬರೆದಿದ್ದ. ನೆವಿಲ್‌ಗೆ ಸಿಟ್ಟು ಬಂತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಗಲಿಲ್ಲ.

"ನಾವು ಮಾತಾಡ್ಕೊಂಡಿದ್ದೀವಿ," ಎಂದಳು ಬೆರಿಲ್. ಐವರು ಓಟ್‌ರಾಯ್ಡರೂ ತಟ್ಟೆ ಹಿಡಿದು ಹತ್ತಿರ ಬಂದಿದ್ದರು. "ನಿಮ್ಮನ್ನ ಪುಸ್ತಕದಲ್ಲಿ ಬರೀಬಹುದು. ಯಾರದೂ ಅಡ್ಡಿಯಿಲ್ಲ."

"ಖಂಡಿತ ಬರೀಬೇಕು," ಎಂದ ಹಲ್ಲಿನ ಡಾಕ್ಟರ್. "ಬೆಳಿಗ್ಗೆ ನಡೆದದ್ದು ಸರಿಯಲ್ಲ. ನಾವೂ ಬಾಯಿ ಬಿಡಲಿಲ್ಲ, ಅದು ನಮ್ಮ ತಪ್ಪು."

ಬೆರಿಲ್ ಪುಸ್ತಕ ತೆರೆದು ಹೆಡ್ಲಿಯ ಪುಟ ಹುಡುಕತೊಡಗಿದಳು. ಸಿಗಲಿಲ್ಲ. ನೆವಿಲ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಒಂದೇ ಸಲಕ್ಕೆ ತೆರೆದ. ಹೆಡ್ಲಿಯ ಕೈ ನಡುಗಲು ಶುರುವಾದ ಮೇಲೆ, ಬೀರು ಸೇರುವವರೆಗೂ, ಒಂಬತ್ತು ವರ್ಷ ಈ ಪುಸ್ತಕ ಬರೆದವನು ಅವನೇ. ಎಂಬತ್ತೇಳನೆಯ ಸಂಖ್ಯೆ, ಹೆಡ್ಲಿ ಓಟ್‌ರಾಯ್ಡ್. ಹುಟ್ಟು ಇತ್ತು, ಮದುವೆ ಇತ್ತು. ಮಕ್ಕಳು ಎಂಬಲ್ಲಿ ಖಾಲಿ.

ಬೆರಿಲ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ಬರಿ ನೆವ್," ಎಂದಳು ಲೊರೇನ್. "ನಿನ್ನ ಹಕ್ಕು ಅದು. ಬರಿ."

ನೆವಿಲ್ ಮೊದಲು ಸಾವಿನ ತಾರೀಖು ಬರೆದ. ಅಂಕಿಗಳು ದುಂಡಗೆ, ಅಂದವಾಗಿ ಬಂದವು. ಆಮೇಲೆ ಮೇಲಿನ ಖಾಲಿ ಜಾಗಕ್ಕೆ ಪೆನ್ನು ತಂದು ಸ್ವಲ್ಪ ಹೊತ್ತು ಹಿಡಿದ. ಯಾರೂ ಅಗಿಯಲಿಲ್ಲ. ಅವನು "ಇಲ್ಲ" ಎಂದು ಬರೆದ.

"ಮಿಸ್ಟರ್ ಬಿನ್ಸ್," ಎಂದಳು ಬೆರಿಲ್.

"ಅವರೇ ಹೇಳಿದ್ದಾರಲ್ಲ ಮಿಸ್ ಓಟ್‌ರಾಯ್ಡ್. ಎರಡನೇ ಪುಟದಲ್ಲಿ."

ಪುಸ್ತಕದ ಬೆನ್ನಿನ ಸಂದಿಯಲ್ಲಿ ಸಿಕ್ಕಿಸಿದ್ದ ಅಡಿಪಟ್ಟಿ ತೆಗೆದ. ಸಂತಾನವಿಲ್ಲದೆ ಸತ್ತವನ ಪುಟಕ್ಕೆ ಕೆಳಗೆ ಎರಡು ಗೆರೆ ಎಳೆಯಬೇಕು, ಆ ಕೊಂಬೆ ಅಲ್ಲಿಗೆ ಮುಗಿಯಿತು ಎಂದು. ಮೊದಲ ಗೆರೆಯನ್ನು ಪಟ್ಟಿಗೆ ಒತ್ತಿ ನೇರವಾಗಿ ಎಳೆದ. ಎರಡನೆಯದನ್ನು ಎಳೆಯುವಾಗ ಪೆನ್ನು ಪುಟದ ಅಂಚಿನಲ್ಲಿ ನಿಲ್ಲಲಿಲ್ಲ. ಅಂಚು ದಾಟಿ, ಮೇಜಿಗೆ ಹಾಸಿದ್ದ ಬಿಳಿ ಕಾಗದದ ಮೇಲಿಳಿದು, ಪೈನ ಚೂರುಗಳ ನಡುವೆ ಒಂದು ಗೇಣಿನಷ್ಟು ದೂರ ಹರಿದುಕೊಂಡು ಹೋಯಿತು.